ಸೈಕಲ್ಲಿನಲ್ಲಿ ಕೊಡಗಿನ ಸಂಪಾಜೆ ಘಾಟಿ ಹತ್ತಿ ರೂಢಿಯಾದವರಿಗೆ ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್ ಎಷ್ಟು ಕಷ್ಟ? ಗೇರ್, ಬ್ರೇಕ್, ದಾರಿ ಬಗ್ಗೆ ಸಲಹೆ ಬೇಕು

ಮೇಕೇರಿ ಸೈಕಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರದಿಂದ ಹತ್ತು ದಿನ ಸ್ವಿಟ್ಜರ್ಲೆಂಡಿನಲ್ಲಿ ಇರುತ್ತೇನೆ. ಅದರಲ್ಲಿ ಆರು ದಿನ ಸೈಕಲ್ಲಿಗೇ ಮೀಸಲು. ಆಂಡರ್‌ಮಾಟ್ ಊರಲ್ಲಿ ಉಳಿದುಕೊಂಡು ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಎಂಬ ಮೂರು ಪಾಸ್ (ಬೆಟ್ಟ ದಾಟುವ ಘಾಟಿ ರಸ್ತೆ) ಸೇರಿಸಿ ಒಂದು ಸುತ್ತು ಹಾಕಬೇಕು, ಲುಸರ್ನ್ ಸರೋವರದ ದಡದಲ್ಲೂ ಒಂದು ದಿನ ಓಡಿಸಬೇಕು ಅಂತ ಆಸೆ. ಸಾಧ್ಯವಾದರೆ ಇಟಲಿ ಕಡೆಯ ಸ್ಟೆಲ್ವಿಯೊ ಕೂಡ.

ಸೈಕಲ್: ಅಲ್ಯೂಮಿನಿಯಂ ಫ್ರೇಮು, ರಿಮ್ ಬ್ರೇಕು, ಶಿಮಾನೊ 105 ಆರ್7000 ಗೇರು-ಬ್ರೇಕ್ ಸೆಟ್, ಮುಂದೆ 50/34 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಕಟ್ಟು) 11-28 ಹಲ್ಲು, ಟೈರು 25 ಮಿ.ಮೀ. ನನ್ನ ತೂಕ 72 ಕೆ.ಜಿ., ಸೈಕಲ್ಲು, ನೀರು, ಸಾಮಾನು ಸೇರಿ ಇನ್ನೊಂದು 10.

ನಾಲ್ಕು ವಿಷಯ ತಿಳಿಯಬೇಕು.
ಒಂದು, ಈ ಗೇರಿನಲ್ಲಿ ಹತ್ತಬಹುದಾ, ಬದಲಾಯಿಸಬೇಕಾ?
ಎರಡು, ಅಷ್ಟುದ್ದ ಇಳಿಜಾರಿಗೆ ರಿಮ್ ಬ್ರೇಕು ಸಾಕಾ?
ಮೂರು, ಹೊರಡುವ ಮುಂಚಿನ ಮೂರು ತಿಂಗಳೂ ಇಲ್ಲಿ ಮಳೆ. ಅಭ್ಯಾಸ ಎಲ್ಲಿ, ಹೇಗೆ?
ನಾಲ್ಕು, ಸರೋವರದ ಸುತ್ತಿನ ರಸ್ತೆಗಳು ಸೈಕಲ್ಲಿಗೆ ಹೇಗಿವೆ?

---

ಘಾಟಿ ಗೇರು:

ಮೊದಲು ಅಳತೆ ಸರಿ ಮಾಡಿಕೊಳ್ಳೋಣ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್. ಫುರ್ಕಾ ರಸ್ತೆಯೂ ಗ್ರಿಮ್ಸೆಲ್ ರಸ್ತೆಯೂ ಕೂಡುವ ಗ್ಲೆಚ್ ಎಂಬ ಜಾಗ ಕಣಿವೆಯ ತಳದಲ್ಲಿದೆ, ಅದರ ಎತ್ತರ 1,759 ಮೀಟರ್. ಅಲ್ಲಿಂದ ಮೇಲಕ್ಕೆ ಘಾಟಿ ಶುರು. ಫುರ್ಕಾ 2,429, ಗ್ರಿಮ್ಸೆಲ್ 2,164, ಸುಸ್ಟೆನ್ 2,224 ಮೀಟರ್. 2,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೆ ಇಳಿದಿರುತ್ತದೆ. ಕಾಲಿಗೆ ಶಕ್ತಿ ಇದ್ದರೂ ದಮ್ಮು ಬೇಗ ಕಟ್ಟುತ್ತದೆ.

ಸಂಪಾಜೆಯಿಂದ ಮಡಿಕೇರಿಗೆ ಸುಮಾರು 27 ಕಿ.ಮೀ., ಏರು ಸುಮಾರು ಸಾವಿರ ಮೀಟರ್. ಸರಾಸರಿ ತೆಗೆದರೆ 4%ಕ್ಕಿಂತ ಕಡಿಮೆ. ಕೊಯನಾಡು ದಾಟಿದ ಮೇಲೆ ಕಡಿದಾಗಿ ಬಂದರೂ ನಡುನಡುವೆ ರಸ್ತೆ ಮಟ್ಟಸವಾಗುತ್ತದೆ, ಅಲ್ಲಿ ಕಾಲು ಬಿಡಿಸಿಕೊಳ್ಳಬಹುದು. ರೆಯಾಲ್ಪ್ ಊರಿಂದ ಫುರ್ಕಾ ನೆತ್ತಿಗೆ 12 ಕಿ.ಮೀ.ನಲ್ಲಿ 890 ಮೀಟರ್, ಅಂದರೆ ಸರಾಸರಿ 7.4%. ಅಲ್ಲಿ ಕಾಲು ಬಿಡಿಸಿಕೊಳ್ಳಲು ಜಾಗವಿಲ್ಲ. ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಆದರೆ ಅರ್ಧಕ್ಕಿಂತ ಕಡಿಮೆ ದೂರದಲ್ಲಿ. ಸಂಪಾಜೆ ಹತ್ತಿದವರು ಮೋಸ ಹೋಗುವುದು ಇಲ್ಲೇ.

ಈಗ ಗೇರಿನ ಲೆಕ್ಕ. ಚಕ್ರದ ಒಂದು ಸುತ್ತಿಗೆ ಸುಮಾರು 2.13 ಮೀಟರ್ ಹಿಡಿಯಿರಿ. ನಿಮ್ಮ ಮುಂದಿನ 34 ಹಲ್ಲಿಗೆ ಹಿಂದಿನ 28ರಲ್ಲಿ ನಿಮಿಷಕ್ಕೆ 70 ಸಲ ಪೆಡಲು ತಿರುಗಿಸಿದರೆ ಗಂಟೆಗೆ 10.9 ಕಿ.ಮೀ. ವೇಗ. ಒಟ್ಟು 82 ಕೆ.ಜಿ. ತೂಕವನ್ನು 7.5% ಏರಿನಲ್ಲಿ ಆ ವೇಗದಲ್ಲಿ ಎಳೆಯಲು 205 ವ್ಯಾಟ್ ಆಸುಪಾಸು ಬೇಕು. ಅದೇ 34ಕ್ಕೆ 34 ಆದರೆ 70 ಸುತ್ತಿಗೆ 9 ಕಿ.ಮೀ. ವೇಗ, 170 ವ್ಯಾಟ್ ಸಾಕು. ಹವ್ಯಾಸಿ ಸವಾರನಿಗೆ 170ರಲ್ಲಿ ಎರಡು ಗಂಟೆ ಕೂರುವುದು ಸಾಧ್ಯ. 205ರಲ್ಲಿ ಅಷ್ಟು ಹೊತ್ತು ಕೂರಲು ತಯಾರಿ ಬೇಕು. ವ್ಯಾಟ್ ಕಡಿಮೆ ಮಾಡೋಣ ಅಂತ 28ರಲ್ಲೇ ನಿಧಾನ ಹೋದರೆ ಪೆಡಲು 55ಕ್ಕೆ ಇಳಿದು ಹೊರೆಯೆಲ್ಲ ಮಂಡಿಗೆ ಬೀಳುತ್ತದೆ. ಆದ್ದರಿಂದ 34 ಹಲ್ಲು ಹಾಕಿಸಿಕೊಳ್ಳಿ, ಎರಡನೇ ಯೋಚನೆ ಬೇಡ.

ಹಾಕಿಸುವಾಗ ತಪ್ಪುವ ಜಾಗ ನಾಲ್ಕು.

ಆರ್7000ರ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎರಡು ಬಗೆ ಇದೆ. ಗಿಡ್ಡ ಕೇಜಿನ ಎಸ್‌ಎಸ್ 30 ಹಲ್ಲಿನವರೆಗೆ ಮಾತ್ರ, ಉದ್ದ ಕೇಜಿನ ಜಿಎಸ್ 34ರವರೆಗೆ. 11-28 ಜತೆ ಬಂದದ್ದು ಬಹುಪಾಲು ಎಸ್‌ಎಸ್ ಆಗಿರುತ್ತದೆ. ಒಳಬದಿಯಲ್ಲಿ ಕೆತ್ತಿರುವುದನ್ನು ಓದಿ ನೋಡಿ. ಎಸ್‌ಎಸ್ ಆಗಿದ್ದರೆ ಡಿರೇಲರನ್ನೂ ಬದಲಾಯಿಸಬೇಕು.

11-34 ಕ್ಯಾಸೆಟ್ಟು, ಅಂದರೆ ಎಚ್‌ಜಿ700, ರೋಡ್ ಸೈಕಲ್ಲಿನ 11 ಸ್ಪೀಡ್ ಹಬ್ಬಿನ ಮೇಲೆ ಕೂರುವಾಗ ಅದರ ಹಿಂದೆ 1.85 ಮಿ.ಮೀ. ಸ್ಪೇಸರ್ ಉಂಗುರ ಹಾಕಲೇಬೇಕು. ಅದನ್ನು ಬಿಟ್ಟರೆ ಲಾಕ್‌ರಿಂಗ್ (ಕ್ಯಾಸೆಟ್ಟನ್ನು ಹಿಡಿದಿಡುವ ಬಳೆ) ಎಷ್ಟು ಬಿಗಿದರೂ ಹಲ್ಲುಗಳು ಅಲ್ಲಾಡುತ್ತವೆ, ಗೇರು ತಾನಾಗಿ ಹಾರುತ್ತದೆ. ಕೆಲವರು ಕೇಬಲ್ ಎಳೆದೂ ಎಳೆದೂ ಸುಸ್ತಾಗುತ್ತಾರೆ, ತಪ್ಪು ಮಾತ್ರ ಆ ಉಂಗುರದ್ದು. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿ.

ಹಳೆಯ ಚೈನು 28ಕ್ಕೆ ಕತ್ತರಿಸಿದ್ದು, ಗಿಡ್ಡವಾಗುತ್ತದೆ. ಮರೆತು 50ಕ್ಕೆ 34 ಹಾಕಿದಿರೋ ಚೈನು ಸೆಟೆದು ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ತೂಗುಹಾಕುವ ತುಂಡು) ಕಿತ್ತುಬರುತ್ತದೆ. ಹೊಸ ಚೈನನ್ನು ಡಿರೇಲರಿನೊಳಗೆ ಹಾಯಿಸದೆ ನೇರವಾಗಿ ಮುಂದಿನ ದೊಡ್ಡ ಹಲ್ಲು, ಹಿಂದಿನ ದೊಡ್ಡ ಹಲ್ಲಿನ ಸುತ್ತ ತಂದು ಎಲ್ಲಿ ಕೂಡುತ್ತದೋ ಅಲ್ಲಿಂದ ಒಂದು ಒಳಕೊಂಡಿ, ಒಂದು ಹೊರಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ.

ಕಡೆಯದು ಬಿ-ಸ್ಕ್ರೂ, ಡಿರೇಲರಿಗೂ ಹಲ್ಲಿಗೂ ನಡುವಿನ ಸಂದು ಹೊಂದಿಸುವ ತಿರುಪು. ಡಿರೇಲರಿನ ಮೇಲಿನ ಚಿಕ್ಕ ಗಾಲಿಗೂ 34ರ ಹಲ್ಲಿಗೂ 5-6 ಮಿ.ಮೀ. ಸಂದು ಇರಲಿ. ತಾಗಿದರೆ ಗರಗರ ಅನ್ನುತ್ತದೆ, ತೀರಾ ದೂರವಾದರೆ ಗೇರು ತಡವಾಗಿ ಬೀಳುತ್ತದೆ.

ಇದೆಲ್ಲ ಹೊರಡುವ ಹಿಂದಿನ ವಾರ ಮಾಡಿಸಬೇಡಿ. ಕೇಬಲ್ಲು ಎಳೆದುಕೊಂಡು ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು.

---

ಸಂಪಾಜೆ ಕಡೆಯವ:

ಗೇರಿನ ಮಾತು ಮೇಲಿನವರು ಪೂರ್ತಿ ಹೇಳಿದ್ದಾರೆ. ನಾನು ಇಳಿಯೋದರ ಬಗ್ಗೆ ಬರೀತೇನೆ, ಯಾಕೆಂದರೆ ಹತ್ತೋವಾಗ ತಪ್ಪಾದರೆ ಸುಸ್ತು ಅಷ್ಟೇ ಮಾರಾಯ್ರೇ, ಇಳಿಯೋವಾಗ ತಪ್ಪಾದರೆ ಆಸ್ಪತ್ರೆ.

ರಿಮ್ ಬ್ರೇಕು ಸಾಕು. ಅಲ್ಯೂಮಿನಿಯಂ ರಿಮ್ ಆದ್ದರಿಂದ ಹೆದರಿಕೆ ಬೇಡ. ಕಾರ್ಬನ್ ರಿಮ್ಮಾಗಿದ್ದರೆ ಬೇಡ ಅಂತಿದ್ದೆ, ಅದು ಬಿಸಿ ಹೊರಗೆ ಬಿಡೋದಿಲ್ಲ, ಟೈರು ಹಿಡಿದುಕೊಳ್ಳುವ ಅಂಚೇ ಮೆದುವಾಗಿಬಿಡಬಹುದು. ಆದರೆ ನೀವು ಬ್ರೇಕು ಹಿಡಿಯುವ ರೀತಿ ಸರಿ ಇರಬೇಕು.

ಲೆಕ್ಕ ನೋಡಿ. 82 ಕೆ.ಜಿ. ತೂಕ 7.5% ಇಳಿಜಾರಲ್ಲಿ ಸುಮಾರು 60 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತದೆ. ಹೆದರಿಕೊಂಡು ಬ್ರೇಕು ಒತ್ತಿಹಿಡಿದು 20 ಕಿ.ಮೀ. ವೇಗದಲ್ಲಿ ಇಳಿದರೆ ಎದುರುಗಾಳಿ ತಡೆಯೋದು ಅದರಲ್ಲಿ ಹತ್ತರಲ್ಲೊಂದು ಪಾಲು. ಉಳಿದದ್ದು ಹೆಚ್ಚುಕಡಿಮೆ ಎಲ್ಲ ರಿಮ್ಮಿನಲ್ಲಿ ಬಿಸಿಯಾಗಿ ಕೂರುತ್ತದೆ, ಒಂದು ಕ್ಷಣವೂ ಆರೋದಿಲ್ಲ. ನೇರ ರಸ್ತೆಯಲ್ಲಿ 45ರವರೆಗೆ ಬಿಟ್ಟರೆ ಗಾಳಿಯೇ ಅರ್ಧ ತಡೆಯುತ್ತದೆ, ಬ್ರೇಕಿಗೆ ಕೆಲಸ ತಿರುವಿನ ಮುಂಚೆ ಮಾತ್ರ, ಮುಂದಿನ ತಿರುವಿನವರೆಗೆ ರಿಮ್ ಆರಿಕೊಳ್ಳುತ್ತದೆ. ಹಾಗಾಗಿ ನಿಧಾನ ಇಳಿದರೆ ಕ್ಷೇಮ ಅನ್ನೋದು ಬ್ರೇಕಿನ ಮಟ್ಟಿಗೆ ಉಲ್ಟಾ.

ಕ್ರಮ ಹೀಗೆ. ಕೈ ಹ್ಯಾಂಡಲಿನ ಕೆಳಗಿನ ಬಾಗಿದ ಡ್ರಾಪಿನಲ್ಲಿ, ಎರಡು ಬೆರಳು ಲಿವರಿನ ಮೇಲೆ. ತಿರುವಿಗೆ 30-40 ಮೀಟರ್ ಇರುವಾಗಲೇ, ಸೈಕಲ್ ನೆಟ್ಟಗಿರುವಾಗ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ವಾಲುವ ಮುಂಚೆ ಬಿಟ್ಟುಬಿಡಿ. ಹೊರಗಿನ ಕಾಲಿನ ಪೆಡಲು ಕೆಳಗೆ, ಭಾರ ಅದರ ಮೇಲೆ. ಕಣ್ಣು ತಿರುವಿನ ಆಚೆ. ತಿರುವಿನ ಹೊಟ್ಟೆಯಲ್ಲಿ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಇದನ್ನೇ ಮಾಡಿ ಅಭ್ಯಾಸ ಮಾಡಬಹುದು, ಮಳೆ ಬಿಟ್ಟ ದಿನ, ಬೆಳಿಗ್ಗೆ ಬೆಳಕು ಬಿಟ್ಟ ಕೂಡಲೇ, ಲಾರಿಗಳು ಏರೋ ಮುಂಚೆ.

ಆದರೆ ಒಂದು ವ್ಯತ್ಯಾಸ ತಲೆಯಲ್ಲಿಡಿ. ಇಲ್ಲಿ ನಾವು ಎಡಗಡೆ, ಅಲ್ಲಿ ಬಲಗಡೆ. ಇಲ್ಲಿ ಹತ್ತುವಾಗ ಎಡಕ್ಕೆ ಹೊರಳುವ ತಿರುವಿನ ಒಳಮೈ ಕಡಿದು. ಅಲ್ಲಿ ಬಲಕ್ಕೆ ಹೊರಳುವ ತಿರುವು ಕಡಿದು, ಒಳ ಅಂಚಿಗೆ ಅಂಟಿಕೊಂಡರೆ 7% ಇದ್ದದ್ದು ಎರಡು ಪೆಡಲಿನ ಮಟ್ಟಿಗೆ 12-13% ಆಗುತ್ತದೆ. ಹಿಂದೆ ವಾಹನ ಇಲ್ಲದಿದ್ದರೆ ನಿಮ್ಮ ಪಾಲಿನ ರಸ್ತೆಯ ನಡುವಿಗೆ ಬನ್ನಿ. ಇಳಿಯುವಾಗ ಬಲಕ್ಕೆ ತಿರುಗುವ ಹೇರ್‌ಪಿನ್ನೇ ಇಕ್ಕಟ್ಟು, ಅಗಲ ಹೋದರೆ ಎದುರು ಬರುವ ವಾಹನದ ದಾರಿಗೆ ಬಿದ್ದ ಹಾಗೆ.

ಬಾಡಿಗೆ ಸೈಕಲ್ ತಗೊಳ್ಳುವ ಯೋಚನೆ ಬಂದರೆ ಮೊದಲು ಬ್ರೇಕ್ ಲಿವರ್ ನೋಡಿ. ಅಲ್ಲಿ ಸಾಮಾನ್ಯವಾಗಿ ಎಡಗೈ ಲಿವರು ಮುಂದಿನ ಚಕ್ರಕ್ಕೆ. ನಿಮ್ಮ ಸೈಕಲ್ಲಿನಲ್ಲಿ ಬಲಗೈ ಮುಂದಿನದ್ದಾಗಿದ್ದರೆ ಗಾಬರಿಯಲ್ಲಿ ಕೈ ತಪ್ಪು ಹಿಡಿಯುತ್ತದೆ. ಅಂಗಡಿಯವರಿಗೆ ಹೇಳಿ ಅದಲುಬದಲು ಮಾಡಿಸಿ, ಇಲ್ಲವೇ ಅರ್ಧ ದಿನ ಸಮತಟ್ಟಿನಲ್ಲಿ ಓಡಿಸಿ.

ಪ್ಯಾಡು: ಮಳೆಗಾಲದಲ್ಲಿ ಇಲ್ಲಿ ಓಡಿಸಿದ ಪ್ಯಾಡನ್ನೇ ಅಲ್ಲಿಗೆ ಒಯ್ಯಬೇಡಿ. ಬಿಚ್ಚಿ ಬೆಳಕಿಗೆ ಹಿಡಿದರೆ ರಬ್ಬರಿನಲ್ಲಿ ಮರಳು, ಅಲ್ಯೂಮಿನಿಯಂ ಚೂರು ಮಿನುಗುವುದು ಕಾಣುತ್ತದೆ. ಸೂಜಿಯಲ್ಲಿ ಕಿತ್ತು ತೆಗೆಯಬಹುದು, ಆದರೆ ಹೊಸ ಜೋಡಿ ಹಾಕೋದೇ ಸರಿ. ರಿಮ್ಮಿನ ಬ್ರೇಕು ತಾಗುವ ಮೈಯ ಮೇಲೆ ಸ್ಕೇಲಿನ ಅಂಚು ಇಟ್ಟು ನೋಡಿ. ನಡುವೆ ಬಟ್ಟಲಿನ ಹಾಗೆ ತಗ್ಗು ಕಂಡರೆ ಆ ರಿಮ್ಮಿನ ಆಯಸ್ಸು ಮುಗಿದಿದೆ. ಟ್ಯೂಬು ಮಾಮೂಲಿ ಬ್ಯೂಟೈಲೇ (ರಬ್ಬರಿನದೇ) ಇರಲಿ. ಹಗುರ ಅಂತ ಟಿಪಿಯು (ತೆಳು ಪ್ಲಾಸ್ಟಿಕ್) ಟ್ಯೂಬ್ ಹಾಕಬೇಡಿ, ರಿಮ್ ಬ್ರೇಕಿನ ಬಿಸಿಗೆ ಅದು ಆಗೋದಿಲ್ಲ ಅಂತ ಕೆಲವು ತಯಾರಕರೇ ಎಚ್ಚರಿಸುತ್ತಾರೆ.

ಟೈರು 28 ಮಿ.ಮೀ. ಹಾಕಿ. ಆರ್7000 ಬ್ರೇಕಿನಲ್ಲಿ 28ರವರೆಗೆ ಜಾಗ ಇದೆ, ಫ್ರೇಮಿನಲ್ಲಿ ಎರಡೂ ಕಡೆ 3-4 ಮಿ.ಮೀ. ಸಂದು ಉಳಿಯುತ್ತಾ ಅಂತ ಮಾತ್ರ ನೋಡಿಕೊಳ್ಳಿ. ನಿಮ್ಮ ತೂಕಕ್ಕೆ ಮುಂದೆ 65, ಹಿಂದೆ 72 ಪಿಎಸ್‌ಐ ಸುಮಾರು ಸರಿಹೋಗುತ್ತದೆ.

ಮತ್ತೊಂದು, ಅಲ್ಲಿ ರಸ್ತೆಗೆ ಅಡ್ಡಲಾಗಿ ದನ ದಾಟದ ಹಾಗೆ ಕಬ್ಬಿಣದ ಸರಳಿನ ಜಾಲರಿ ಹಾಕಿರುತ್ತಾರೆ. ಒದ್ದೆಯಾದಾಗ ಪಾಚಿಗಿಂತ ಜಾರುತ್ತದೆ. ನೇರವಾಗಿ, ಬ್ರೇಕು ಬಿಟ್ಟು ದಾಟಬೇಕು. ಓರೆಯಾಗಿ ಎಂದಿಗೂ ಬೇಡ.

---

ಮೇಕೇರಿ ಸೈಕಲ್:

ಇಬ್ಬರಿಗೂ ತುಂಬಾ ಧನ್ಯವಾದ. ಡಿರೇಲರ್ ಬಗ್ಗಿ ನೋಡಿದೆ, ಎಸ್‌ಎಸ್ಸೇ. ಜಿಎಸ್ ತರಿಸುತ್ತೇನೆ. ಮೂರು ಪಾಸ್‌ಗಳ ಸುತ್ತು ಒಂದೇ ದಿನಕ್ಕೆ ಆಗುತ್ತಾ? ಯಾವ ದಿಕ್ಕಿನಿಂದ ಹೋಗಬೇಕು? ಮೇಲೆ ಚಳಿ ಎಷ್ಟಿರುತ್ತೆ?

---

ಕಿತ್ತಳೆ ತೋಟ:

ದಾರಿಯ ಲೆಕ್ಕ ಕೊಡುತ್ತೇನೆ. ಆಂಡರ್‌ಮಾಟ್, ರೆಯಾಲ್ಪ್, ಫುರ್ಕಾ, ಗ್ಲೆಚ್, ಗ್ರಿಮ್ಸೆಲ್, ಇನ್ನರ್ಟ್‌ಕಿರ್ಹೆನ್, ಸುಸ್ಟೆನ್, ವಾಸೆನ್, ಮತ್ತೆ ಆಂಡರ್‌ಮಾಟ್. ಒಟ್ಟು ಸುಮಾರು 120 ಕಿ.ಮೀ., ಏರು ಸುಮಾರು 3,500 ಮೀಟರ್. ಸಂಪಾಜೆ ಘಾಟಿಯನ್ನು ಬೆಳಗಿನಿಂದ ಸಂಜೆಯೊಳಗೆ ಮೂರೂವರೆ ಸಲ ಹತ್ತಿದ ಹಾಗೆ, ಅದೂ ಇಮ್ಮಡಿ ಕಡಿದಿನಲ್ಲಿ. ಗಂಟೆಗೆ 650 ಮೀಟರ್ ಎತ್ತರ ಗಳಿಸಿದರೂ ಹತ್ತುವುದಕ್ಕೇ ಐದೂವರೆ ಗಂಟೆ ಬೇಕು. ಇಳಿಯುವುದು, ಊಟ, ಬಟ್ಟೆ ಬದಲಿಸುವುದು ಸೇರಿದರೆ ಒಂಬತ್ತು ಹತ್ತು ಗಂಟೆ. ಬಲವಿದ್ದವರು ಮಾಡುತ್ತಾರೆ, ಆದರೆ ನಿಮಗೆ ಆರು ದಿನ ಇದೆ. ಎರಡು ದಿನಕ್ಕೆ ಹಂಚಿ, ಇನ್ನರ್ಟ್‌ಕಿರ್ಹೆನ್ ಅಥವಾ ಪಕ್ಕದ ಮೈರಿಂಗೆನ್‌ನಲ್ಲಿ ರಾತ್ರಿ ಉಳಿಯಿರಿ.

ದಿಕ್ಕು: ಆಂಡರ್‌ಮಾಟಿನಿಂದ ಮೊದಲು ಫುರ್ಕಾ ಕಡೆಗೆ. ಕಾಲು ತಾಜಾ ಇರುವಾಗ 890 ಮೀಟರ್ ಮುಗಿಯುತ್ತದೆ. ಗ್ಲೆಚ್‌ಗೆ ಇಳಿದ ಮೇಲೆ ಗ್ರಿಮ್ಸೆಲ್‌ಗೆ ಬರೀ 6 ಕಿ.ಮೀ., 400 ಮೀಟರ್. ಇದೇ ಗ್ರಿಮ್ಸೆಲನ್ನು ಆ ಕಡೆ ಇನ್ನರ್ಟ್‌ಕಿರ್ಹೆನ್‌ನಿಂದ ಹತ್ತಿದರೆ 26 ಕಿ.ಮೀ., 1,540 ಮೀಟರ್! ನೆತ್ತಿಯಲ್ಲಿ ಟೋಟೆನ್‌ಸೇ ಎಂಬ ಕೆರೆ, ಸ್ವಲ್ಪ ಇಳಿದರೆ 1,908 ಮೀಟರಿನಲ್ಲಿ ಗ್ರಿಮ್ಸೆಲ್ ಅಣೆಕಟ್ಟಿನ ಹಿನ್ನೀರು, ಅದರ ಕೆಳಗೆ ಇನ್ನೊಂದು ಅಣೆಕಟ್ಟು. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಬಣ್ಣ ಹಾಲು ಬೆರೆಸಿದ ಹಸಿರು. ಹಾರಂಗಿಯ ಹಿನ್ನೀರಿನ ಬಣ್ಣ ನೋಡಿದವರಿಗೆ ಅದು ನೀರೇ ಅನ್ನಿಸುವುದಿಲ್ಲ. ಎರಡನೇ ದಿನ ಸುಸ್ಟೆನ್ 28 ಕಿ.ಮೀ., 1,600 ಮೀಟರ್. ವಾಸೆನ್‌ಗೆ ಇಳಿದ ಮೇಲೆ ಆಂಡರ್‌ಮಾಟಿಗೆ ಮತ್ತೆ 500 ಮೀಟರ್ ಏರು ಇದೆ, ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಲು ಸೋತಿದ್ದರೆ ಗೋಶೆನೆನ್‌ನಿಂದ ಆಂಡರ್‌ಮಾಟಿಗೆ ಹಲ್ಲುಹಳಿಯ ರೈಲು ಇದೆ, ಸೈಕಲ್ ಹತ್ತಿಸಬಹುದು. ಹಾಗೆಯೇ ರೆಯಾಲ್ಪ್‌ನಲ್ಲಿ ಹವೆ ಕೆಟ್ಟರೆ ಫುರ್ಕಾ ಅಡಿಯ ಸುರಂಗದಲ್ಲಿ ಒಬರ್‌ವಾಲ್ಡ್‌ಗೆ ಹೋಗುವ ರೈಲು ಹಿಡಿಯಬಹುದು. 15.4 ಕಿ.ಮೀ. ಉದ್ದದ ಆ ಸುರಂಗ 1982ರಿಂದ ಇದೆ.

ಮೊದಲ ದಿನವೇ ಫುರ್ಕಾ ಬೇಡ. ಆಂಡರ್‌ಮಾಟಿನಿಂದ ಪೂರ್ವಕ್ಕೆ ಒಬರಾಲ್ಪ್ ಪಾಸ್ ಇದೆ, 11 ಕಿ.ಮೀ., 600 ಮೀಟರ್ ಏರು, ನೆತ್ತಿ 2,044 ಮೀಟರ್. ಮೇಲೆ ರಸ್ತೆಯ ಪಕ್ಕಕ್ಕೇ ಉದ್ದನೆಯ ಸರೋವರ. ಗಾಳಿ, ಗೇರು, ಬ್ರೇಕು, ಬಲಬದಿಯ ಸವಾರಿ ಎಲ್ಲಕ್ಕೂ ಒಂದು ಪರೀಕ್ಷೆ ಆಗುತ್ತದೆ.

ಚಳಿ: ಎತ್ತರ ಸಾವಿರ ಮೀಟರ್ ಹೆಚ್ಚಾದಂತೆ ಸುಮಾರು 6.5 ಡಿಗ್ರಿ ಕಡಿಮೆ. 434 ಮೀಟರಿನ ಲುಸರ್ನ್ ಸರೋವರದ ಬಳಿ 25 ಡಿಗ್ರಿ ಇದ್ದರೆ ಫುರ್ಕಾ ಮೇಲೆ 12. ಬೆವರಿನಿಂದ ಒದ್ದೆಯಾದ ಮೈಯಲ್ಲಿ 45ರ ವೇಗದಲ್ಲಿ ಇಳಿದರೆ ಆ 12 ಡಿಗ್ರಿ ಬೆರಳನ್ನು ಮರಗಟ್ಟಿಸಿ ಲಿವರ್ ಎಳೆಯಲು ಬಿಡುವುದಿಲ್ಲ. ಗಾಳಿ ತಡೆಯುವ ತೆಳು ಜಾಕೆಟ್, ತೋಳುಚೀಲ, ಪೂರ್ತಿ ಬೆರಳಿನ ಕೈಗವಸು, ಒಂದು ಒಣ ಒಳಬನಿಯನ್ ಜೇಬಿನಲ್ಲಿರಲಿ. ನೆತ್ತಿಯಲ್ಲಿ ಒದ್ದೆ ಬನಿಯನ್ ಕಳಚಿ ಒಣದ್ದು ಹಾಕಿ, ಎದೆಗೆ ಒಂದು ಮಡಿಕೆ ನ್ಯೂಸ್‌ಪೇಪರ್ ಇಟ್ಟು ಜಾಕೆಟ್ ಏರಿಸಿ. ಸೆಪ್ಟೆಂಬರಿನಲ್ಲೂ ಮೇಲೆ ಹಿಮ ಬೀಳುವುದುಂಟು. ಈ ಪಾಸ್‌ಗಳು ತೆರೆದಿರುವುದು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ತನಕ, ಹವೆ ಕೆಟ್ಟರೆ ನಡುವೆಯೂ ಮುಚ್ಚುತ್ತಾರೆ. ರಸ್ತೆ ತೆರೆದಿದೆಯಾ ಅಂತ ಹಿಂದಿನ ಸಂಜೆ ನೋಡಿಕೊಳ್ಳಿ.

ಹಳದಿ ಬಣ್ಣದ ಅಂಚೆ ಬಸ್ಸುಗಳು ಕುರುಡು ತಿರುವಿಗೆ ಮುಂಚೆ ಮೂರು ಸ್ವರದ ಹಾರ್ನ್ ಮಾಡುತ್ತವೆ. ಅದು ಕೇಳಿದ ಕೂಡಲೇ ಅಂಚಿಗೆ ಸರಿದು ನಿಲ್ಲಿ. ನೀಲಿ ಫಲಕದಲ್ಲಿ ಹಳದಿ ಕೊಂಬಿನ ಚಿತ್ರವಿರುವ ರಸ್ತೆಗಳಲ್ಲಿ ಬಸ್ ಚಾಲಕ ಹೇಳಿದ ಹಾಗೆ ಜಾಗ ಬಿಡಬೇಕು.

ಇನ್ನು ಸರೋವರ. ದಡದ ರಸ್ತೆ ಎಂದರೆ ಸಮತಟ್ಟು, ಶಾಂತ ಎಂದು ಅಂದುಕೊಳ್ಳಬೇಡಿ. ಲುಸರ್ನ್ ಸರೋವರದ ಪೂರ್ವ ತುದಿಯಲ್ಲಿ ಬ್ರುನೆನ್‌ನಿಂದ ಫ್ಲೂಯೆಲೆನ್‌ವರೆಗಿನ ಆಕ್ಸೆನ್ ರಸ್ತೆ ಬಂಡೆಗೆ ಅಂಟಿಕೊಂಡು ಹೋಗುತ್ತದೆ. ಇಕ್ಕಟ್ಟು, ಸುರಂಗ, ವಾಹನ ವಿಪರೀತ. ಆ ತುಂಡನ್ನು ದೋಣಿಯಲ್ಲಿ ದಾಟುವುದೇ ಸರಿ. ಸೈಕಲ್ಲಿಗೆ ಬೇರೆ ಟಿಕೆಟ್ ತಗೊಂಡು ಹತ್ತಿಸಿದರಾಯಿತು. ಫ್ಲೂಯೆಲೆನ್‌ನಲ್ಲಿ ಇಳಿದು ಆಲ್ಟ್‌ಡಾರ್ಫ್ ಮುಟ್ಟಿದರೆ ಅಲ್ಲಿಂದ ಕ್ಲೌಸೆನ್ ಪಾಸ್ ಶುರು, ನೆತ್ತಿ 1,948 ಮೀಟರ್. ಸರೋವರ, ಪಾಸ್ ಎರಡೂ ಒಂದೇ ದಿನ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಆ ಸುತ್ತಮುತ್ತ ಇಲ್ಲ ಅಂತ ನನ್ನ ಅಭಿಪ್ರಾಯ. ಕೆಂಪು ಫಲಕದಲ್ಲಿ ಬಿಳಿ ಸೈಕಲ್ ಚಿತ್ರ, ಪಕ್ಕದಲ್ಲಿ ನೀಲಿ ಚೌಕದೊಳಗೆ ಒಂದೇ ಅಂಕಿ ಕಂಡರೆ ಅದು ರಾಷ್ಟ್ರೀಯ ಸೈಕಲ್ ಮಾರ್ಗ. ಅದನ್ನು ಹಿಡಿದರೆ ಹೆದ್ದಾರಿ ತಪ್ಪುತ್ತದೆ. 1ನೇ ಅಂಕಿಯದು ಆಂಡರ್‌ಮಾಟಿನಿಂದ ಫುರ್ಕಾ ದಾಟಿ ರೋನ್ ನದಿಯ ಜತೆಗೇ ಜಿನೀವಾವರೆಗೆ ಇಳಿಯುತ್ತದೆ. ಫುರ್ಕಾದಿಂದ ಗ್ಲೆಚ್ ಕಡೆ ಇಳಿಯುವಾಗ ರೋನ್ ಹುಟ್ಟುವ ಹಿಮನದಿ ಬಲಗಡೆಗೆ ಸಿಗುತ್ತದೆ. ತಲಕಾವೇರಿ ಜಿಲ್ಲೆಯವರು ಅಲ್ಲಿ ಐದು ನಿಮಿಷ ನಿಲ್ಲದೆ ಬರಬಾರದು.

ಸ್ಟೆಲ್ವಿಯೊ ಈ ಸಲ ಬಿಡಿ ಅಂತ ನನ್ನ ಸಲಹೆ. ಪ್ರಾತೊ ಕಡೆಯಿಂದ 24.3 ಕಿ.ಮೀ., 48 ಹೇರ್‌ಪಿನ್, 1,800 ಮೀಟರ್ ಏರು, ನೆತ್ತಿ 2,757. ಏರು ಚಂದವೇ, ಆದರೆ ಆಂಡರ್‌ಮಾಟಿನಿಂದ ಹೋಗಿ ಬರಲು ಪ್ರಯಾಣಕ್ಕೇ ಎರಡು ದಿನ ತಿನ್ನುತ್ತದೆ. ಆ ಎರಡು ದಿನದಲ್ಲಿ ಗೊಟ್ಹಾರ್ಡ್ ಹಳೆಯ ರಸ್ತೆ ಹತ್ತಬಹುದು. ಐರೋಲೊ ಕಡೆಯಿಂದ ಟ್ರೆಮೋಲಾ ಎಂಬ 24 ತಿರುವುಗಳ ಕಲ್ಲುಹಾಸಿನ ಘಾಟಿ ಅದು, ನಿಮ್ಮ 28ರ ಟೈರು ಅಲ್ಲಿ ಕೆಲಸಕ್ಕೆ ಬರುತ್ತದೆ. ಕಲ್ಲುಹಾಸನ್ನು ಹತ್ತಬೇಕು, ಇಳಿಯಬಾರದು. ಹಾಗಾಗಿ ಐರೋಲೊವರೆಗೆ ರೈಲಿನಲ್ಲಿ ಹೋಗಿ.

---

ಸಂಪಾಜೆ ಕಡೆಯವ:

ಸ್ಟೆಲ್ವಿಯೊ ಬಗ್ಗೆ ಮೇಲಿನ ಮಾತು ನಾನು ಒಪ್ಪೋದಿಲ್ಲ. ಮತ್ತೆ ಮತ್ತೆ ಹೋಗುವ ಜಾಗ ಅಲ್ಲ ಅದು, ಆಸೆ ಇದ್ದರೆ ಹೋಗಿಬರಲಿ. ಒಂದು ಪಾಸ್ ಕಡಿಮೆ ಮಾಡಿದರಾಯಿತು. ಸ್ವಿಸ್ ಕಡೆಯ ಸಾಂಟಾ ಮರಿಯಾದಿಂದ ಉಂಬ್ರೈಲ್ ಪಾಸ್ ಹತ್ತಿದರೆ ಅದೇ ರಸ್ತೆಗೆ ಮೇಲೆ ಸೇರಿಕೊಳ್ಳಬಹುದು. ಅಲ್ಲಿಂದ ಸ್ಟೆಲ್ವಿಯೊ ನೆತ್ತಿ ಸಮೀಪ, 48 ತಿರುವನ್ನು ಇಳಿಯುತ್ತಾ ನೋಡಿದ ಹಾಗೂ ಆಯಿತು.

---

ಹಾರಂಗಿ ಹಿನ್ನೀರು:

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಅಗತ್ಯದ್ದು ಅದೇ.

ಮೇ ಕೊನೆಯೊಳಗೆ ಘಾಟಿಯ ಅಭ್ಯಾಸ ಮುಗಿಸಿ. ವಾರಕ್ಕೊಮ್ಮೆ ಸಂಪಾಜೆ, ಇನ್ನೊಂದು ದಿನ ಭಾಗಮಂಡಲದಿಂದ ತಲಕಾವೇರಿಗೆ ಮೂರು ಸಲ. ಅದು 8 ಕಿ.ಮೀ., ನೆತ್ತಿ 1,276 ಮೀಟರ್, ಸರಾಸರಿ ಸುಮಾರು 5%. ಮಡಿಕೇರಿಯಿಂದ ಚೇರಂಬಾಣೆ ಮೇಲೆ ಹೋಗಿ ಬರುವುದೂ ಸೇರಿದರೆ ದಿನ ತುಂಬುತ್ತದೆ. ಹೊಸ ಗೇರು ಬಂದ ಮೇಲೆ ಒಂದು ಸಲ ಬೇಕೆಂದೇ 70 ಸುತ್ತಿಗಿಂತ ಕೆಳಗೆ ಇಳಿಯದ ಹಾಗೆ ಇಡೀ ಸಂಪಾಜೆ ಹತ್ತಿ. ಎಲ್ಲಿ ಗೇರು ಬದಲಿಸುತ್ತೀರಿ ಅನ್ನುವುದು ಆಗ ಗೊತ್ತಾಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಆ ಎರಡೂ ಕಡೆ ಹೋಗಬೇಡಿ. 2018ರ ಆಗಸ್ಟಿನಲ್ಲಿ ಸಂಪಾಜೆ ದಾರಿಯ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಬಂದದ್ದು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಕುಸಿದದ್ದು ನಮ್ಮವರು ಮರೆತಿಲ್ಲ. ಗುಡ್ಡದ ಮಾತು ಬಿಟ್ಟರೂ ಟಾರಿನ ಅಂಚಿನಲ್ಲಿ ಪಾಚಿ, ಅದರ ಮೇಲೆ ಸಿಲ್ವರ್ ಓಕ್ ಎಲೆ, ಮುಂದೆ ಇಪ್ಪತ್ತು ಮೀಟರ್ ಕಾಣದ ಮಂಜು. ಮಾಕುಟ್ಟ ಘಾಟಿಗೂ ಇದೇ ಮಾತು, ಜತೆಗೆ ಆನೆ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದ ರಸ್ತೆಗಳಲ್ಲಿ ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಯಾವ ಕಾಲದಲ್ಲೂ ಸೈಕಲ್ ಬೇಡ. ಶಬ್ದವಿಲ್ಲದೆ ಬರುವ ಸೈಕಲ್ಲು ಆನೆಗೆ ಹತ್ತಿರ ಬಂದ ಮೇಲೇ ಗೊತ್ತಾಗುವುದು, ಅದು ಜೀಪು ಬಂದದ್ದಕ್ಕಿಂತ ಅಪಾಯ.

ಮಳೆಗಾಲಕ್ಕೆ ಕುಶಾಲನಗರ ಕಡೆ ಬನ್ನಿ. ಘಟ್ಟದ ನೆತ್ತಿಯಲ್ಲಿ ಸುರಿಯುವುದರ ಸಣ್ಣ ಪಾಲು ಮಾತ್ರ ಇಲ್ಲಿಗೆ ಬರುತ್ತದೆ. ಕುಶಾಲನಗರ, ಹಾರಂಗಿ, ಅಲ್ಲಿಂದ ಹಿಂದಿರುಗಿ ಚಿಕ್ಲಿಹೊಳೆ ಕಡೆಗೆ, ಮಳೆ ಹೊಳವಾದ ಹೊತ್ತು ನೋಡಿ ಎರಡು ಗಂಟೆ. ಇಲ್ಲಿ ಏರು ಇಲ್ಲ, ಆದ್ದರಿಂದ ಏರಿನ ಕೆಲಸ ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ: ವಾರಕ್ಕೆ ಎರಡು ಸಲ, 20 ನಿಮಿಷದ ಮೂರು ಸುತ್ತು, ನಡುವೆ 5 ನಿಮಿಷ ಬಿಡುವು. ಮುಂದಿನ ಚಕ್ರದ ಕೆಳಗೆ ಎರಡಿಂಚು ಮರದ ತುಂಡು ಇಟ್ಟರೆ ಏರಿನಲ್ಲಿ ಕೂರುವ ಭಂಗಿಗೆ ಸೊಂಟ ಒಗ್ಗುತ್ತದೆ. ನಾಲ್ಕು ವಾರವಾದ ಮೇಲೆ 20 ನಿಮಿಷವನ್ನು 30 ಮಾಡಿ. ಫುರ್ಕಾದಲ್ಲಿ ನಿಮಗೆ ಬೇಕಾಗುವುದು 80 ನಿಮಿಷ ಒಂದೇ ಸಮನೆ ತುಳಿಯುವುದು. ಜಿಗಿದು ಓಡುವುದು ಬೇಕಿಲ್ಲ.

ತಿನ್ನುವುದನ್ನೂ ಈಗಲೇ ರೂಢಿ ಮಾಡಿ. ಗಂಟೆಗೆ 60 ಗ್ರಾಂ ಪಿಷ್ಟ, ಸಕ್ಕರೆ ಲೆಕ್ಕ. ಒಂದು ಲೀಟರ್ ನೀರಿಗೆ 40 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು ಹಾಕಿ ಅರ್ಧ ಲೀಟರ್ ಕುಡಿದರೆ 20 ಗ್ರಾಂ ಆಯಿತು. ಉಳಿದ 40ಕ್ಕೆ ಬೆಲ್ಲ ಸವರಿ ಸುತ್ತಿದ ಒಂದು ಅಕ್ಕಿರೊಟ್ಟಿ ಸಾಕು, ಬಾಯಿಗೂ ಬೇಸರವಿಲ್ಲ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಕಲ್ಲಿನ ತೊಟ್ಟಿಗೆ ನಲ್ಲಿ ಇರುತ್ತದೆ, ನೀರು ಕುಡಿಯಬಹುದು. 'ಕೈನ್ ಟ್ರಿಂಕ್‌ವಾಸರ್' ಎಂದು ಬರೆದಿದ್ದರೆ ಮಾತ್ರ ಬೇಡ.

---

ಘಾಟಿ ಗೇರು:

ಪ್ಯಾಕಿಂಗ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಎಡ ಪೆಡಲಿನ ತಿರುಪು ಉಲ್ಟಾ, ಸ್ಪ್ಯಾನರಿನ ಹಿಡಿ ಮೇಲಕ್ಕಿರುವಾಗ ಅದನ್ನು ಸೈಕಲ್ಲಿನ ಹಿಂದಕ್ಕೆ ತಿರುಗಿಸಿದರೆ ಎರಡೂ ಪೆಡಲು ಬಿಚ್ಚುತ್ತವೆ. ಹಿಂದಿನ ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ ಬಬಲ್ ಶೀಟಿನಲ್ಲಿ ಸುತ್ತಿ ಚೈನ್‌ಸ್ಟೇಗೆ ಕಟ್ಟಿ. ಬಿಚ್ಚದೆ ಕಳಿಸಿದರೆ ಹ್ಯಾಂಗರ್ ಬಾಗಿ ಬರುತ್ತದೆ, ಅದಕ್ಕೇ ನಿಮ್ಮ ಫ್ರೇಮಿನ ಹ್ಯಾಂಗರ್ ಒಂದು ಹೆಚ್ಚಿಗೆ ಒಯ್ಯಿರಿ. ಪ್ರತಿ ಫ್ರೇಮಿಗೂ ಅದು ಬೇರೆ, ಅಲ್ಲಿನ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲ. ಸೀಟ್‌ಪೋಸ್ಟ್ ಎತ್ತರಕ್ಕೆ ಒಂದು ಸುತ್ತು ಟೇಪ್ ಅಂಟಿಸಿ ಗುರುತು ಮಾಡಿ. ಟೈರಿಗೆ ಗಾಳಿ ತುಂಬುವ ಗ್ಯಾಸಿನ ಕಾರ್ಟ್ರಿಜ್ ವಿಮಾನಕ್ಕೆ ತರಬೇಡಿ, ಕೈಪಂಪು ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲಿ.

ಸುರಂಗ, ಛಾವಣಿ ಹಾಕಿದ ರಸ್ತೆಗಳು ಬಹಳ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಅಲ್ಲಿನ ಕೆಲವು ಇಂಟರ್‌ಸಿಟಿ ರೈಲುಗಳಲ್ಲಿ ಬೇಸಿಗೆ ಕಾಲಕ್ಕೆ ಸೈಕಲ್ ಜಾಗ ಮೊದಲೇ ಕಾದಿರಿಸಬೇಕು. ಪ್ರಯಾಣ ವಿಮೆ ಕೊಳ್ಳುವಾಗ ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಅದರೊಳಗೆ ಇದೆಯಾ ಅಂತ ಓದಿ ನೋಡಿ. ಅಲ್ಲಿನ ಹೆಲಿಕಾಪ್ಟರ್ ರಕ್ಷಣೆಯ ನಂಬರ್ 1414, ಎಲ್ಲಕ್ಕೂ ಸಾಮಾನ್ಯವಾದದ್ದು 112. ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

---

ಮೇಕೇರಿ ಸೈಕಲ್:

ಒಂದೇ ಒಂದು ಅನುಮಾನ. ಜಿಎಸ್ ಡಿರೇಲರ್ ಹಾಕಿದ ಮೇಲೆ ಹಳೆಯ 11-28 ಕ್ಯಾಸೆಟ್ ಮತ್ತೆ ಹಾಕಿದರೆ ನಡೆಯುತ್ತಾ?

---

ಘಾಟಿ ಗೇರು:

ನಡೆಯುತ್ತದೆ. ಜಿಎಸ್ 28ರಿಂದ 34ರವರೆಗಿನ ದೊಡ್ಡ ಹಲ್ಲಿಗೆ ಹೊಂದುತ್ತದೆ. ಆ 1.85ರ ಉಂಗುರ ಮಾತ್ರ ಆಗ ತೆಗೆಯಬೇಕು, 11-28ಕ್ಕೆ ಅದು ಬೇಡ. ಬಿ-ಸ್ಕ್ರೂ ಮತ್ತೆ ಹೊಂದಿಸಿ. ಉದ್ದದ ಚೈನು ಹಾಗೇ ಇರಲಿ, ಆದರೆ 34ಕ್ಕೆ 11 ಹಾಕಿದಾಗ ಕೆಳಗೆ ಜೋತು ಬಿದ್ದು ತನ್ನನ್ನೇ ಉಜ್ಜುತ್ತದಾ ಅಂತ ಸ್ಟ್ಯಾಂಡಿನ ಮೇಲೆ ಒಮ್ಮೆ ತಿರುಗಿಸಿ ನೋಡಿ.